‘ಲೈನ್ ಸರಿಯಿದೆ’ ಅಂದರೆ ಏನು ಸರಿಯಿದೆ?

ಮಾತು ಕೇಳುತ್ತದೆ, ಫ್ಯಾಕ್ಸ್ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ದೂರು ಕೊಟ್ಟರೆ ತಂತ್ರಜ್ಞರು ಬಂದು ಹಸಿರು ದೀಪ ನೋಡುತ್ತಾರೆ, ಲೂಪ್ ಹಾಕಿ ಪರೀಕ್ಷಿಸುತ್ತಾರೆ, ‘ಲೈನ್ ಸರಿಯಿದೆ’ ಎಂದು ಬರೆದು ಹೋಗುತ್ತಾರೆ. ಪಿಆರ್‌ಐ ಲೈನ್ ಇಟ್ಟುಕೊಂಡ ಕಚೇರಿಗಳಿಗೆ ಇದು ಹಳೆಯ ಕತೆ. ತಂತ್ರಜ್ಞರು ಸುಳ್ಳು ಹೇಳುತ್ತಿಲ್ಲ. ಅವರ ಪರೀಕ್ಷೆಗೆ ಆ ದೋಷ ಕಾಣುವುದೇ ಇಲ್ಲ.

ಭಾರತದಲ್ಲಿ ಪಿಆರ್‌ಐ ಬರುವುದು ಇ1 ಲೈನಿನ ಮೇಲೆ. ಸೆಕೆಂಡಿಗೆ 20,48,000 ಬಿಟ್, 32 ಕಿಂಡಿ. ಅದರಲ್ಲಿ 30 ಮಾತಿಗೆ. ಪ್ರತಿ ದನಿಯನ್ನೂ ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಯನ್ನು ಒಂದು ಬೈಟ್ ಮಾಡಿ ಕಳಿಸಲಾಗುತ್ತದೆ. ಎರಡೂ ತುದಿಯ ಗಡಿಯಾರಗಳು ಒಂದೇ ತಾಳಕ್ಕೆ ನಡೆಯಬೇಕು. ಕಚೇರಿಯ ಪಿಬಿಎಕ್ಸ್ ಎಕ್ಸ್‌ಚೇಂಜಿನ ತಾಳ ಹಿಡಿಯದೆ ತನ್ನದೇ ಗಡಿಯಾರದಲ್ಲಿ ಓಡಿದರೆ ಕಷ್ಟ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಾದರೂ ಸಾಕು, ಎರಡೂವರೆ ಸೆಕೆಂಡಿಗೊಮ್ಮೆ ಒಂದು ಬೈಟ್ ಕಳೆದುಹೋಗುತ್ತದೆ ಇಲ್ಲವೇ ಎರಡು ಸಲ ಬರುತ್ತದೆ. ಇದಕ್ಕೆ ಸ್ಲಿಪ್ ಎನ್ನುತ್ತಾರೆ. ಕಿವಿ ಇದನ್ನು ಕ್ಷಮಿಸುತ್ತದೆ, ಫ್ಯಾಕ್ಸ್ ಕ್ಷಮಿಸುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡದ ಗಡಿಯಾರಗಳ ನಡುವೆ 70 ದಿನಕ್ಕೊಂದು ಸ್ಲಿಪ್ ಬಂದರೆ ಹೆಚ್ಚು. ಇಷ್ಟಾದರೂ ದೀಪ ಹಸಿರೇ, ಏಕೆಂದರೆ ಇ1 ಸಂಕೇತಕ್ಕೆ ಅಷ್ಟು ವ್ಯತ್ಯಾಸದ ವಿನಾಯಿತಿ ಇದೆ.

ಲೂಪ್ ಪರೀಕ್ಷೆಯ ತಮಾಷೆ ಇಲ್ಲಿದೆ. ಹೋದ ಬಿಟ್‌ಗಳು ಹೋದ ತಾಳದಲ್ಲೇ ಮರಳುತ್ತವೆ. ಒಂದೇ ಗಡಿಯಾರ ತನ್ನನ್ನು ತಾನೇ ಕೇಳಿ ‘ಸಮಯ ಸರಿ’ ಎಂದಂತೆ. ಅಳತೆಯವರಿಗೆ ಈ ಬಗೆಯ ಮೋಸ ಹೊಸದಲ್ಲ. ಸರಿಯಾಗಿ 1,000 ಹರ್ಟ್ಸ್ ಸ್ವರ ಕಳಿಸಿದರೆ ಅವೇ ಎಂಟು ಬೈಟ್‌ಗಳು ತಿರುತಿರುಗಿ ಬರುತ್ತವೆ, ಉಳಿದ ಸಂಖ್ಯೆಗಳ ಪರೀಕ್ಷೆಯೇ ಆಗುವುದಿಲ್ಲ. ಅದಕ್ಕೇ 1,020 ಹರ್ಟ್ಸ್ ಬಳಸುವ ರೂಢಿ ಬಂತು.

ಹಿಂದೆ ಇದನ್ನೆಲ್ಲ ಹಿಡಿಯಲು ಪ್ರತ್ಯೇಕ ಉಪಕರಣ ಬೇಕಿತ್ತು, ಅದು ತಂತ್ರಜ್ಞರ ಕೈಯಲ್ಲೇ ಇರುತ್ತಿತ್ತು. ಈಗ ಲಿನಕ್ಸ್ ಕಂಪ್ಯೂಟರಿಗೆ ಇ1 ಕಾರ್ಡ್ ಹಾಕಿದರೆ ಲೈನಿನ ಬಿಟ್‌ಗಳು ನೇರ ತಂತ್ರಾಂಶಕ್ಕೇ ಸಿಗುತ್ತವೆ. ಅಸ್ಟೆರಿಸ್ಕ್ ಬಳಗದ ಡಾಡಿಯಂಥ ಮುಕ್ತ ತಂತ್ರಾಂಶಕ್ಕೆ ಕಾಸಿಲ್ಲ. ಆದರೆ ಮೊದಲು ಪರೀಕ್ಷಿಸಬೇಕಾದದ್ದು ಆ ಕಂಪ್ಯೂಟರನ್ನೇ. ಬೇರೆ ಕೆಲಸದಲ್ಲಿ ಮುಳುಗಿದ ಯಂತ್ರ ತಾನೇ ಬೈಟ್ ಬೀಳಿಸಿ ಲೈನಿನ ಮೇಲೆ ಗೂಬೆ ಕೂರಿಸೀತು. ಇನ್ನೊಂದು ಎಚ್ಚರಿಕೆ: ಇದೇ ತಂತ್ರಾಂಶದಿಂದ ಕರೆಗಳನ್ನು ಕದ್ದು ಕೇಳಲೂಬಹುದು. ಸ್ಲಿಪ್ ಎಣಿಸಲು ಯಾರ ಮಾತನ್ನೂ ಕೇಳಬೇಕಿಲ್ಲ. ಎಣಿಕೆಗಷ್ಟೇ ಅನುಮತಿ ಇರಲಿ.

ಎಷ್ಟೋ ಸಲ ತಪ್ಪು ಗ್ರಾಹಕನ ಪಿಬಿಎಕ್ಸ್‌ನದ್ದೇ ಆಗಿರುತ್ತದೆ, ಒಂದು ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು. ಆದರೆ ‘ಸರಿಯಿದೆ’ ಎಂಬ ಒಂದು ಪದದಿಂದ ಅದು ಅವನಿಗೆ ತಿಳಿಯುವುದು ಹೇಗೆ? ದೂರು ಮುಚ್ಚುವ ಮೊದಲು ಲೂಪ್ ಬಿಚ್ಚಿ, ಲೈನ್ ಎಂದಿನಂತೆ ಓಡುತ್ತಿರುವಾಗಲೇ 24 ಗಂಟೆಯ ಸ್ಲಿಪ್ ಎಣಿಕೆ ತೆಗೆದು, ಹೊತ್ತಿನ ಸಮೇತ ಅವನ ಕೈಗೆ ಕೊಡಬೇಕು. ಫ್ಯಾಕ್ಸ್ ನಿಂತ ಹೊತ್ತುಗಳನ್ನು ಅವನು ಅದರ ಪಕ್ಕ ಇಟ್ಟು ನೋಡಿಕೊಳ್ಳಲಿ.