ಡಿಡಿಆರ್5 ಬಂದಿದೆ ಸರಿ, ನಮಗೆ ಬೇಕಾ?

ಹೋದ ತಿಂಗಳು ನಮ್ಮ ಮನೆಯಲ್ಲಿ ಹದಿನೈದು ದಿನ ಜಗಳ ನಡೆಯಿತು. ಕಾರಣ ಅಂಗೈ ಉದ್ದದ ಒಂದು ಪಟ್ಟಿ, ಅಂದರೆ ಕಂಪ್ಯೂಟರಿನ ರ‍್ಯಾಮ್.

ಅಬ್ಬಾ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದ್ದರೂ ಈಗ ನಮಗೆ ಅನ್ನ ಹಾಕುತ್ತಿರುವುದು ಅಲ್ಲಿನ ಕಂಪ್ಯೂಟರ್. ಸ್ಕಾಲರ್‌ಶಿಪ್ ಅರ್ಜಿ, ಆದಾಯ ಪ್ರಮಾಣ ಪತ್ರದ ಅರ್ಜಿ, ಪಾಸ್‌ಪೋರ್ಟ್ ಫೋಟೊ, ಸೀಸನ್ನಿನಲ್ಲಿ ಶಾದಿ ಕಾರ್ಡ್. ಕನ್ನಡಕ್ಕೆ ನುಡಿ, ಉರ್ದುವಿಗೆ ಇನ್‌ಪೇಜ್. 2019ರಲ್ಲಿ ಕೊಂಡ ಆ ಕಂಪ್ಯೂಟರಿಗೆ ಈಗ ಒಂದು ಪಿಡಿಎಫ್ ತೆರೆಯಲೂ ಎರಡು ನಿಮಿಷ ಬೇಕು. ಕ್ಯೂನಲ್ಲಿ ನಿಂತವರು ಗಡಿಯಾರ ನೋಡಿ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಭಾಯ್ ಹೇಳಿದ್ದು: "ಡಿಡಿಆರ್4 ಕಾಲ ಮುಗಿಯಿತು, ಡಿಡಿಆರ್5 ಹಾಕೋಣ." ಅಬ್ಬಾ ಹೇಳಿದ್ದು: "ಪುರಾನಾ ಹೈ ತೋ ಕ್ಯಾ ಹುವಾ, ಚಲ್ರಾ ನಾ?" ದುಡ್ಡು ಇದ್ದದ್ದು ಅಮ್ಮಿಯ ಹತ್ತಿರ. ಚೀಟಿ ಎತ್ತಿದ 40,000 ರೂಪಾಯಿ. ಅದರಲ್ಲೇ ಆಪಾಳ ಬಿ.ಎಡ್. ಎರಡನೇ ವರ್ಷದ ಫೀಸನ್ನೂ ಕಟ್ಟಬೇಕಿತ್ತು. ನಾನು ಕಾಮರ್ಸ್ ಓದುವವನು ಎಂದು ಲೆಕ್ಕ ನನ್ನ ಕೈಗೆ ಬಂತು.

ಮೊದಲು ಭಾಯ್‌ನ ಮಾತು ಕೇಳೋಣ. ಡಿಡಿಆರ್5 ಮಾನದಂಡವನ್ನು ಜೆಡೆಕ್ ಎಂಬ ಸಂಸ್ಥೆ 2020ರ ಜುಲೈನಲ್ಲಿ ಪ್ರಕಟಿಸಿತು. ಡಿಡಿಆರ್4 ಬಂದದ್ದು 2012ರಲ್ಲಿ. ಮಾನದಂಡದಲ್ಲಿ ಡಿಡಿಆರ್4ರ ವೇಗ 3200ಕ್ಕೆ ನಿಲ್ಲುತ್ತದೆ, ಅಂದರೆ ಸೆಕೆಂಡಿಗೆ 320 ಕೋಟಿ ವರ್ಗಾವಣೆ. ಡಿಡಿಆರ್5 ಅಂಗಡಿಗಳಿಗೆ ಬಂದದ್ದೇ 4800ರಲ್ಲಿ. ವಿದ್ಯುತ್ತೂ ಸ್ವಲ್ಪ ಕಡಿಮೆ ಸಾಕು, 1.2 ವೋಲ್ಟ್ ಇದ್ದದ್ದು 1.1ಕ್ಕೆ ಇಳಿದಿದೆ. ಇಷ್ಟು ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ, ನನಗೂ ಆಯಿತು.

ಆದರೆ ಇನ್ನೊಂದು ಲೆಕ್ಕವೂ ಇದೆ. ಕೇಳಿದ ಮಾಹಿತಿಯ ಮೊದಲ ತುಣುಕು ಬರಲು ರ‍್ಯಾಮ್ ತೆಗೆದುಕೊಳ್ಳುವ ಹೊತ್ತನ್ನು ಪಟ್ಟಿಯ ಮೇಲೆ ಸಿಎಲ್ ಎಂದು ಬರೆದಿರುತ್ತಾರೆ. ಆ ಸಂಖ್ಯೆಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊಸೆಕೆಂಡ್ ಸಿಗುತ್ತದೆ. 3200 ವೇಗದ ಸಿಎಲ್16 ಡಿಡಿಆರ್4ಗೆ 10 ಬರುತ್ತದೆ. 4800 ವೇಗದ ಸಿಎಲ್40 ಡಿಡಿಆರ್5ಗೆ 16ಕ್ಕೂ ಹೆಚ್ಚು! ಡಿಡಿಆರ್5ರಲ್ಲೇ 6000 ವೇಗದ ಸಿಎಲ್30 ತಂದರೆ ಮತ್ತೆ ಅದೇ 10. ಅಂದರೆ ಬಸ್ಸು ದೊಡ್ಡದಾಗಿದೆ, ಒಂದೇ ಟ್ರಿಪ್ಪಿಗೆ ಹೆಚ್ಚು ಜನ ಹತ್ತುತ್ತಾರೆ, ಆದರೆ ಸ್ಟಾಪಿನಲ್ಲಿ ಕಾಯುವ ಹೊತ್ತು ಕಡಿಮೆಯಾಗಿಲ್ಲ. ವಿಡಿಯೊ ಎಡಿಟಿಂಗ್ ಮಾಡುವವರಿಗೆ ದೊಡ್ಡ ಬಸ್ಸು ಬೇಕು. ಒಂದು ಅರ್ಜಿ ತುಂಬಿ ಪ್ರಿಂಟ್ ಕೊಡುವ ಅಂಗಡಿಗೆ ಅಷ್ಟು ಪ್ರಯಾಣಿಕರು ಎಲ್ಲಿಂದ ಬರಬೇಕು?

ಒಂದು ಸಂಜೆ ಅಂಗಡಿಯಲ್ಲಿ ಕೂತು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಮೆಮೊರಿ ಶೇ. 92, ಡಿಸ್ಕ್ ಶೇ. 100. ರ‍್ಯಾಮ್ ಇದ್ದದ್ದು 8 ಜಿಬಿ. ರ‍್ಯಾಮ್ ಅಂದರೆ ಅಂಗಡಿಯ ಕೌಂಟರ್, ಹಾರ್ಡ್ ಡಿಸ್ಕ್ ಅಂದರೆ ಗೋಡೌನ್. ಕೌಂಟರ್ ತುಂಬಿದಾಗ ಕಂಪ್ಯೂಟರ್ ಸಾಮಾನನ್ನು ಗೋಡೌನಿಗೆ ಇಟ್ಟು, ಬೇಕಾದಾಗ ಮತ್ತೆ ಹೊತ್ತು ತರುತ್ತದೆ. ನಮ್ಮದು ಹಳೆಯ ತಿರುಗುವ ಡಿಸ್ಕ್. ಅಂದಮೇಲೆ ನಮ್ಮ ಕಾಯಿಲೆ ತಲೆಮಾರಿನದ್ದಲ್ಲ, ಜಾಗದ್ದು.

ಭಾಯ್ ಒಪ್ಪಲಿಲ್ಲ. "ಬರೀ ರ‍್ಯಾಮ್ ತಾನೇ, ಬದಲಾಯಿಸಿದರೆ ಆಯಿತು" ಎಂದ. ಇಲ್ಲೇ ಬಹಳ ಜನ ಮೋಸ ಹೋಗುವುದು. ಎರಡೂ ಪಟ್ಟಿಗಳಲ್ಲಿ 288 ಪಿನ್ನುಗಳೇ ಇವೆ, ಆದರೆ ನಡುವಿನ ಕಚ್ಚು ಬೇರೆ ಕಡೆ ಇದೆ. ಡಿಡಿಆರ್4 ಬೋರ್ಡಿನಲ್ಲಿ ಡಿಡಿಆರ್5 ಕೂರುವುದೇ ಇಲ್ಲ. ಮದರ್‌ಬೋರ್ಡ್ ಬದಲಾಗಬೇಕು, ನಮ್ಮಂಥ ಹಳೆಯ ಕಂಪ್ಯೂಟರಿನಲ್ಲಿ ಪ್ರೊಸೆಸರೂ ಬದಲಾಗಬೇಕು. ಅಂಗಡಿಯವರು ಬರೆದುಕೊಟ್ಟ ಕೊಟೇಷನ್ 38,000. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಉಚಿತ ಬೆಂಬಲ ನಿಲ್ಲಿಸಿತಲ್ಲ ಎಂದೂ ಭಾಯ್ ಹೇಳಿದ. ಅದು ನಿಜ. ಆದರೆ ನಮ್ಮದು ಇಂಟೆಲ್‌ನ 9ನೇ ತಲೆಮಾರಿನ ಪ್ರೊಸೆಸರ್, ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲೇ ಇದೆ.

ಇನ್ನು ಬೆಲೆ. ವರ್ಷದ ಹಿಂದೆ ಕೇಳಿದ್ದಕ್ಕಿಂತ ಈಗ ನಮ್ಮೂರಲ್ಲಿ ರ‍್ಯಾಮ್ ಎರಡು ಪಟ್ಟಿಗೂ ಮೇಲೆ ಹೋಗಿದೆ. ಜಗತ್ತಿನ ಮೆಮೊರಿ ಚಿಪ್ಪಿನ ಬಹುಪಾಲನ್ನು ಮಾಡುವವರು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರುಗಳು ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಿರುವುದರಿಂದ ಅವರ ಗಮನವೆಲ್ಲ ಆ ಕಡೆ ಹೋಗಿದೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಬೇಡಿಕೆ-ಪೂರೈಕೆಯ ರೇಖೆ ಎಕನಾಮಿಕ್ಸ್ ಪುಸ್ತಕದಿಂದ ಎದ್ದು ಅಬ್ಬಾನ ಗಲ್ಲಾಪೆಟ್ಟಿಗೆಯೊಳಗೆ ಬಂದು ಕೂತ ಹಾಗೆ ನನಗೆ ಅನ್ನಿಸಿತು.

ಇಂಥ ಹೊತ್ತಿನಲ್ಲಿ 38,000 ಹಾಕಿದರೆ ಏನಾಗುತ್ತದೆ? ಆದಾಯ ತೆರಿಗೆ ನಿಯಮದಲ್ಲಿ ಕಂಪ್ಯೂಟರಿಗೆ ಶೇ. 40 ಸವಕಳಿ. ಉಳಿದ ಮೌಲ್ಯದ ಮೇಲೆ ಲೆಕ್ಕ ಹಾಕಿದರೆ ಒಂದು ವರ್ಷಕ್ಕೆ 22,800, ಎರಡನೇ ವರ್ಷಕ್ಕೆ 13,680. ಆಪಾಳ ಬಿ.ಎಡ್.ಗೆ ಯಾವ ಸವಕಳಿಯೂ ಇಲ್ಲ. ಒಂದನ್ನು ಆರಿಸಿದಾಗ ಕೈಬಿಟ್ಟ ಇನ್ನೊಂದರ ಬೆಲೆಗೆ ಅವಕಾಶ ವೆಚ್ಚ ಎನ್ನುತ್ತಾರೆ ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ನಮ್ಮ ಮನೆಯಲ್ಲಿ ಅವಕಾಶ ವೆಚ್ಚ ಅಡುಗೆಮನೆಯಲ್ಲಿ ಕೂತು ಪಾಠದ ಚಾರ್ಟಿಗೆ ಬಣ್ಣ ಹಚ್ಚುತ್ತಿತ್ತು. ಫೀಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಡಿಡಿಆರ್5 ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಈಗ ಹೊಸದಾಗಿಯೇ ಕಂಪ್ಯೂಟರ್ ಜೋಡಿಸುವವರು ಅದನ್ನೇ ಕೊಳ್ಳಬೇಕು. ಎಎಂಡಿಯ ಎಎಂ5 ಬೋರ್ಡುಗಳಲ್ಲಿ 2022ರಿಂದ ಡಿಡಿಆರ್4ಗೆ ಜಾಗವೇ ಇಲ್ಲ. ಇಂಟೆಲ್‌ನ 12ರಿಂದ 14ನೇ ತಲೆಮಾರಿನವರೆಗೆ ಎರಡೂ ನಡೆಯುತ್ತಿತ್ತು, ಅದರ ನಂತರದ ಡೆಸ್ಕ್‌ಟಾಪುಗಳಿಗೆ ಡಿಡಿಆರ್5 ಮಾತ್ರ. ಮುಂದಿನ ದಾರಿ ಆ ಕಡೆಯೇ ಎಂಬ ಭಾಯ್‌ನ ಮಾತು ಸರಿ. ಆದರೆ ಬೋರ್ಡಿನಲ್ಲಿ ಒಂದು ಸ್ಲಾಟ್ ಖಾಲಿ ಇರುವವರು ಅದನ್ನು ತುಂಬದೆ ಬೋರ್ಡನ್ನೇ ಎಸೆಯುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಕ್ಲಾಸಿನಲ್ಲೂ ಇಬ್ಬರು ಗೇಮಿಗಾಗಿ ಮನೆಯಲ್ಲಿ ಹಟ ಹಿಡಿದಿದ್ದಾರೆ. ಹೆಸರು ಹೇಳುವುದಿಲ್ಲ. ಅವರು ಮೊದಲು ಟಾಸ್ಕ್ ಮ್ಯಾನೇಜರ್ ನೋಡಲಿ, ಆಮೇಲೆ ಅಬ್ಬಾನ ಮುಖ ನೋಡಲಿ.

ಕೊನೆಗೆ ತಂದದ್ದು 8 ಜಿಬಿಯ ಇನ್ನೊಂದು ಡಿಡಿಆರ್4 ಮತ್ತು ಒಂದು ಎಸ್‌ಎಸ್‌ಡಿ. ಎರಡಕ್ಕೂ ಸೇರಿ ಸುಮಾರು 9,000. ಭಾಯ್ ಮುಟ್ಟುವುದಿಲ್ಲ ಎಂದ. ನಾನೇ ಕೂರಿಸಲು ಹೋಗಿ ಪಟ್ಟಿಯನ್ನು ತಿರುಗಮುರುಗ ಹಿಡಿದು ಒತ್ತುತ್ತಿದ್ದೆ. "ಹಟ್ ರೇ, ಮುರೀತೀಯ" ಎಂದು ಭಾಯ್ ಕಿತ್ತುಕೊಂಡು ತಾನೇ ಕೂರಿಸಿದ. ಎಲ್ಲವನ್ನೂ ತೆರೆದಿಟ್ಟು ನೋಡಿದೆವು. ಮೆಮೊರಿ ಶೇ. 56. ಭಾಯ್ ಏನೂ ಹೇಳಲಿಲ್ಲ. ಬಾಕಿ ಇದ್ದ ಶಾದಿ ಕಾರ್ಡಿನ ಫೈಲ್ ತೆರೆದು ಕೆಲಸಕ್ಕೆ ಕೂತ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ