ಐದು ಸ್ಟಾರ್ ಕೊಟ್ಟೋರು ಯಾರು?

2014ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲೇ ಸ್ಟೋರ್‌ನಲ್ಲಿ ‘ವೈರಸ್ ಶೀಲ್ಡ್’ ಅನ್ನೋ ಆ್ಯಪ್ ಸಖತ್ತಾಗಿ ಮಾರಾಟ ಆಗ್ತಿತ್ತು. ಬೆಲೆ 3.99 ಡಾಲರ್. ಹತ್ತು ಸಾವಿರಕ್ಕಿಂತ ಜಾಸ್ತಿ ಡೌನ್‌ಲೋಡ್, ರೇಟಿಂಗ್ 4.7. ಆಮೇಲೆ ಕೋಡ್ ಬಿಚ್ಚಿ ನೋಡಿದಾಗ ಗೊತ್ತಾಗಿದ್ದು ಇಷ್ಟು: ಪರದೆ ಮುಟ್ಟಿದರೆ ಗುರಾಣಿ ಚಿತ್ರದ ಮೇಲಿನ ಇಂಟು ಗುರುತು ರೈಟ್ ಗುರುತಾಗುತ್ತೆ. ಬೇರೇನೂ ಇಲ್ಲ. ಸ್ಕ್ಯಾನೂ ಇಲ್ಲ, ಗಿಕ್ಯಾನೂ ಇಲ್ಲ. ಗೂಗಲ್ ಅದನ್ನ ತೆಗೆದುಹಾಕಿ, ಕೊಂಡವರಿಗೆ ದುಡ್ಡು ವಾಪಸ್ ಕೊಡ್ತು.

ಆ ಸ್ಟಾರ್ ಕೊಟ್ಟವರೆಲ್ಲ ದುಡ್ಡು ತಗೊಂಡು ಬರೆದವರು ಅಂತ ನನಗನ್ನಿಸಲ್ಲ. ಮಿಕ್ಸಿ ಕೆಟ್ಟದಾಗಿದ್ದರೆ ಮೊದಲ ದಿನದ ಚಟ್ನಿಯಲ್ಲೇ ಗೊತ್ತಾಗುತ್ತೆ. ಆ್ಯಂಟಿವೈರಸ್ ಕಥೆ ಹಾಗಲ್ಲ. ಅದು ಚೆನ್ನಾಗಿ ಕೆಲಸ ಮಾಡಿದಾಗಲೂ ಏನೂ ಆಗಲ್ಲ, ವೈರಸ್ ಬರದೇ ಇದ್ದಾಗಲೂ ಏನೂ ಆಗಲ್ಲ. ಹಾಗಾಗಿ ‘ಆರು ತಿಂಗಳಿಂದ ಹಾಕಿದೀನಿ, ಒಂದು ವೈರಸ್ಸೂ ಇಲ್ಲ, ಸೂಪರ್’ ಅನ್ನೋ ರಿವ್ಯೂ ಎಷ್ಟೇ ಪ್ರಾಮಾಣಿಕ ಆಗಿದ್ರೂ ಅದರಿಂದ ನಮಗೆ ಗೊತ್ತಾಗೋದು ಸೊನ್ನೆ.

ಸರಿ, ಗೂಗಲ್‌ನಲ್ಲಿ ‘ಬೆಸ್ಟ್ ಆ್ಯಂಟಿವೈರಸ್’ ಅಂತ ಹುಡುಕ್ತೀರಿ. ಟಾಪ್ 10 ಪಟ್ಟಿಗಳು ಸಾಲಾಗಿ ಬರ್ತವೆ. ಅವುಗಳಲ್ಲಿ ಬಹುಪಾಲು ನಡೆಯೋದು ಕಮಿಷನ್ ಮೇಲೆ: ಅಲ್ಲಿನ ಲಿಂಕ್ ಒತ್ತಿ ನೀವು ಕೊಂಡರೆ ಅವರಿಗೊಂದು ಪಾಲು. ಇದು ಅಪರಾಧ ಏನಲ್ಲ, ಅನೇಕರು ಪುಟದ ತುದಿಯಲ್ಲಿ ಸಣ್ಣಕ್ಷರದಲ್ಲಿ ಹೇಳಿಯೂ ಇರ್ತಾರೆ. ಕೆಲವು ಕಡೆ ಸಂಬಂಧ ಇನ್ನೂ ಹತ್ತಿರದ್ದು. ವಿಪಿಎನ್‌ಮೆಂಟರ್, ವಿಝ್‌ಕೇಸ್ ಅನ್ನೋ ರಿವ್ಯೂ ತಾಣಗಳನ್ನ ನಡೆಸುತ್ತಿದ್ದ ಕಂಪನಿಯನ್ನ 2021ರಲ್ಲಿ ಕೇಪ್ ಟೆಕ್ನಾಲಜೀಸ್ ಸುಮಾರು 15 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಅಷ್ಟೊತ್ತಿಗಾಗಲೇ ಸೈಬರ್‌ಘೋಸ್ಟ್ ವಿಪಿಎನ್, ಇಂಟೆಗೋ ಆ್ಯಂಟಿವೈರಸ್ ಎರಡೂ ಅದೇ ಕೇಪ್‌ನ ಕೈಯಲ್ಲಿದ್ವು. ಹೆತ್ತವರಿಗೆ ಹೆಗ್ಗಣ ಮುದ್ದು, ಆದ್ರೆ ರ‍್ಯಾಂಕ್ ಪಟ್ಟಿಯನ್ನೂ ಹೆತ್ತವರೇ ಬರೆದರೆ ಹೇಗೆ? ಇನ್ನೊಂದು ವಿಷಯ: ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ನಾಲ್ಕೂ ಈಗ ಜೆನ್ ಡಿಜಿಟಲ್ ಅನ್ನೋ ಒಂದೇ ಸಂಸ್ಥೆಯವು. ಪಟ್ಟಿಯಲ್ಲಿ ನಾಲ್ಕು ಸ್ಪರ್ಧಿಗಳಂತೆ ಕಾಣೋದು ಒಂದೇ ಮನೆಯ ನಾಲ್ಕು ಬಾಗಿಲು.

ಇಂಥ ಪಟ್ಟಿ ತೆರೆದಾಗ ನಾನು ಮೊದಲು ಹುಡುಕೋದು ಮೈಕ್ರೋಸಾಫ್ಟ್ ಡಿಫೆಂಡರ್‌ನ. ವಿಂಡೋಸ್ ಜೊತೆ ಪುಕ್ಕಟೆ ಬರೋದು, ಅದನ್ನ ಹೊಗಳಿದರೆ ಯಾರಿಗೂ ಕಮಿಷನ್ ಸಿಗಲ್ಲ. ಹತ್ತು ವರ್ಷದ ಹಿಂದೆ ಪರೀಕ್ಷೆಗಳಲ್ಲಿ ಅದು ಕೊನೆ ಬೆಂಚಿನ ಹುಡುಗ. ಈಚಿನ ವರ್ಷಗಳಲ್ಲಿ ಮೊದಲ ಸಾಲಿಗೆ ಬಂದು ಕೂತಿದೆ. ಇದರ ಬಗ್ಗೆ ಒಂದು ಸಾಲೂ ಇಲ್ಲ, ಇಲ್ಲಾ ‘ಡಿಫೆಂಡರ್ ಸಾಲದು’ ಅಂತ ಕಾರಣ ಕೊಡದೆ ಹೇಳಿದ್ದಾರೆ ಅಂದ್ರೆ ನಾನು ಆ ಟ್ಯಾಬ್ ಮುಚ್ಚಿಬಿಡ್ತೀನಿ.

ಹಾಗಾದ್ರೆ ಯಾರನ್ನ ನಂಬೋದು? ಇದೇ ಕಸುಬು ಮಾಡಿಕೊಂಡಿರೋ ಲ್ಯಾಬ್‌ಗಳಿವೆ. ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಎವಿ-ಕಂಪ್ಯಾರಟಿವ್ಸ್, ಬ್ರಿಟನ್‌ನಲ್ಲಿ ಎಸ್‌ಇ ಲ್ಯಾಬ್ಸ್. ಇವರು ನಿಜವಾದ ವೈರಸ್‌ಗಳನ್ನ ಬಿಟ್ಟು ನೋಡ್ತಾರೆ. ಎವಿ-ಟೆಸ್ಟ್‌ನ ಮನೆ ಬಳಕೆಯ ಪರೀಕ್ಷೆಯಲ್ಲಿ ರಕ್ಷಣೆಗೆ 6, ಕಂಪ್ಯೂಟರ್ ನಿಧಾನ ಮಾಡದೇ ಇರೋದಕ್ಕೆ 6, ಸುಮ್ಮಸುಮ್ಮನೆ ಕಿರುಚದೇ ಇರೋದಕ್ಕೆ 6, ಒಟ್ಟು 18 ಅಂಕ. ಈ ಕೊನೆಯದನ್ನ ಜನ ಗಮನಿಸೋದು ಕಮ್ಮಿ. ಎದುರಿಗೆ ಬಂದಿದ್ದನ್ನೆಲ್ಲ ವೈರಸ್ ಅಂದರೆ ನೂರಕ್ಕೆ ನೂರು ಹಿಡಿಯೋದು ಯಾವ ದೊಡ್ಡ ಮಾತು?

ಹಾಗೆ ಮಾಡಿದ ಆ್ಯಪ್‌ಗಳು ನಿಜಕ್ಕೂ ಇದ್ವು. ಎವಿ-ಕಂಪ್ಯಾರಟಿವ್ಸ್ 2019ರಲ್ಲಿ 250 ಆಂಡ್ರಾಯ್ಡ್ ಆ್ಯಂಟಿವೈರಸ್ ಆ್ಯಪ್‌ಗಳನ್ನ 2,000 ದುಷ್ಟ ಆ್ಯಪ್‌ಗಳ ಎದುರು ನಿಲ್ಲಿಸಿತು. ಶೇಕಡ 30ರಷ್ಟಾದರೂ ಹಿಡಿದದ್ದು 80 ಮಾತ್ರ. ಉಳಿದವುಗಳಲ್ಲಿ ಹಲವು, ತಮ್ಮ ಪಟ್ಟಿಯಲ್ಲಿ ಹೆಸರಿರೋ ಆ್ಯಪ್ ಒಳ್ಳೇದು, ಮಿಕ್ಕಿದ್ದೆಲ್ಲ ಕೆಟ್ಟದ್ದು ಅನ್ನೋ ಲೆಕ್ಕದಲ್ಲಿ ಬರೆದವು. ಕೆಲವಂತೂ ಆ ಪಟ್ಟಿಗೆ ತಮ್ಮ ಹೆಸರು ಸೇರಿಸೋದೇ ಮರೆತು ತಮ್ಮನ್ನೇ ವೈರಸ್ ಅಂತ ತೋರಿಸಿದ್ವು! (ಕೋಡ್ ರಿವ್ಯೂ ಯಾರು ಮಾಡಿದ್ರೋ.) ಅವುಗಳ ಸ್ಟಾರ್ ರೇಟಿಂಗ್ ಮಾತ್ರ ಬಹಳಷ್ಟಕ್ಕೆ ನಾಲ್ಕರ ಮೇಲೇ.

ಲ್ಯಾಬ್‌ಗಳೂ ಗಾಳಿ ಕುಡಿದು ಬದುಕಲ್ಲ. ಅವರಿಗೂ ಆ್ಯಂಟಿವೈರಸ್ ಕಂಪನಿಗಳಿಂದ ಶುಲ್ಕ ಬರುತ್ತೆ. ವ್ಯತ್ಯಾಸ ಏನಂದ್ರೆ ಹೇಗೆ ಪರೀಕ್ಷೆ ಮಾಡಿದ್ವಿ ಅಂತ ಬರೆದಿಡ್ತಾರೆ, ಸೋತವರ ಅಂಕವನ್ನೂ ಹಾಕ್ತಾರೆ. 2015ರಲ್ಲಿ ಚೀನಾದ ಚಿಹೂ 360 ಕಂಪನಿ ಪರೀಕ್ಷೆಗೆ ಕಳಿಸ್ತಿದ್ದದ್ದೇ ಒಂದು, ಜನರಿಗೆ ಕೊಡ್ತಿದ್ದದ್ದೇ ಇನ್ನೊಂದು ಅಂತ ಗೊತ್ತಾದಾಗ, ಎವಿ-ಟೆಸ್ಟ್, ಎವಿ-ಕಂಪ್ಯಾರಟಿವ್ಸ್, ವೈರಸ್ ಬುಲೆಟಿನ್ ಮೂವರೂ ಸೇರಿ ಅದನ್ನ ಬಹಿರಂಗಪಡಿಸಿ, ಆ ವರ್ಷ ಕೊಟ್ಟಿದ್ದ ಸರ್ಟಿಫಿಕೇಟ್‌ಗಳನ್ನ ವಾಪಸ್ ತಗೊಂಡರು. ಒಂದೇ ವರದಿ ನೋಡಿ ತೀರ್ಮಾನ ಬೇಡ, ಹಿಂದಿನ ಎರಡು ಮೂರು ಸಲದ ಅಂಕ ನೋಡಿ. 99.6 ಮತ್ತು 99.9ರ ನಡುವಿನ ಜಗಳಕ್ಕೆ ತಲೆ ಕೆಡಿಸಿಕೊಳ್ಳೋದೂ ಬೇಡ.

ಆದ್ರೆ ಲ್ಯಾಬ್ ಅಳೆಯದ ಸಂಗತಿಗಳೂ ಇವೆ. ಅವಾಸ್ಟ್ ಪರೀಕ್ಷೆಗಳಲ್ಲಿ ಒಳ್ಳೇ ಅಂಕ ತಗೊಳ್ತಿದ್ದ ಕಾಲದಲ್ಲೇ, ಅದರ ಅಂಗಸಂಸ್ಥೆ ಜಂಪ್‌ಶಾಟ್ ಬಳಕೆದಾರರ ಬ್ರೌಸಿಂಗ್ ಮಾಹಿತಿ ಮಾರ್ತಿತ್ತು. ಪತ್ರಕರ್ತರು ಬಯಲಿಗೆಳೆದ ಮೇಲೆ 2020ರಲ್ಲಿ ಅದಕ್ಕೆ ಬೀಗ ಬಿತ್ತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಹಾಗಾಗಿ ಕೊಳ್ಳೋ ಮುಂಚೆ ಕಂಪನಿ ಹೆಸರಿನ ಜೊತೆ ‘ಪ್ರೈವಸಿ’, ‘ಫೈನ್’ ಅಂತ ಸೇರಿಸಿ ಸುದ್ದಿ ವಿಭಾಗದಲ್ಲೂ ಒಮ್ಮೆ ಹುಡುಕಿ.

ಜನಸಾಮಾನ್ಯರ ರಿವ್ಯೂ ನಿಜಕ್ಕೂ ಉಪಯೋಗಕ್ಕೆ ಬರೋದು ದುಡ್ಡಿನ ವಿಷಯದಲ್ಲಿ. ಒಂದು ಸ್ಟಾರ್‌ನ, ಈಚಿನ ಮೂರು ತಿಂಗಳ ರಿವ್ಯೂಗಳನ್ನ ಮಾತ್ರ ಓದಿ. ಮೊದಲ ವರ್ಷ ಅಗ್ಗ, ಎರಡನೇ ವರ್ಷ ಆಟೋ ರಿನ್ಯೂವಲ್‌ನಲ್ಲಿ ದುಪ್ಪಟ್ಟು, ಕ್ಯಾನ್ಸಲ್ ಬಟನ್ ಎಲ್ಲಿದೆ ಗೊತ್ತಿಲ್ಲ, ಅನ್‌ಇನ್‌ಸ್ಟಾಲ್ ಮಾಡಿದ್ರೂ ಹೋಗ್ತಿಲ್ಲ ಇಂಥವನ್ನ ಯಾವ ಲ್ಯಾಬೂ ಹೇಳಲ್ಲ, ಕೈ ಸುಟ್ಟುಕೊಂಡವರೇ ಹೇಳಬೇಕು.

ನನ್ನ ಆಯ್ಕೆ ಕೇಳಿದ್ರೆ, ಮನೆ ಲ್ಯಾಪ್‌ಟಾಪ್‌ಗೆ ಅಪ್‌ಡೇಟ್ ಆಗ್ತಿರೋ ವಿಂಡೋಸ್ 11 ಮತ್ತು ಡಿಫೆಂಡರ್ ಸಾಕು. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಐಫೋನ್‌ನಲ್ಲಿ ಒಂದು ಆ್ಯಪ್ ಇನ್ನೊಂದರೊಳಗೆ ಇಣುಕೋಕೆ ಆಪಲ್ ಬಿಡೋದೇ ಇಲ್ಲ, ಹಾಗಿರುವಾಗ ಅಲ್ಲಿ ‘ವೈರಸ್ ಸ್ಕ್ಯಾನ್’ ಅಂದ್ರೆ ಹೆಸರಿಗಷ್ಟೇ. ಆಂಡ್ರಾಯ್ಡ್‌ನಲ್ಲಿ ನಮ್ಮವರು ದುಡ್ಡು ಕಳ್ಕೊಳ್ತಿರೋದು ಹೆಚ್ಚಾಗಿ ಮದುವೆ ಆಮಂತ್ರಣ, ಟ್ರಾಫಿಕ್ ಚಲನ್ ಹೆಸರಲ್ಲಿ ವಾಟ್ಸ್‌ಆ್ಯಪ್‌ಗೆ ಬರೋ ಎಪಿಕೆ ಫೈಲ್‌ಗಳಿಂದ. ಈ ಭಾನುವಾರ ಊರಿಗೆ ಹೋದ್ರೆ ಅಪ್ಪ ಅಮ್ಮನ ಫೋನ್ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ತೆರೆದು, ವಾಟ್ಸ್‌ಆ್ಯಪ್ ಎದುರಿನ ಸ್ವಿಚ್ ಆಫ್ ಇದೆಯಾ ನೋಡಿ. ಎರಡು ನಿಮಿಷದ ಕೆಲಸ, ಕಾಸು ಖರ್ಚಿಲ್ಲ.