ಮುತ್ಯಾನ ಉಪ್ಪಿನಕಾಯಿ ಮೇಲೆ ಎಷ್ಟಂತ ತಪ್ಪು ಹೊರಿಸೋಣ?

ನಾವು ಮೂರು ಜನ. ಒಬ್ಬರದು ಯಾದಗಿರಿ, ಒಬ್ಬರದು ಶಹಾಪುರ, ಒಬ್ಬರದು ಸುರಪುರ. ರಜೆ ಮುಗಿಸಿ ಬಂದು ಹಾಸ್ಟೆಲ್‌ನಲ್ಲಿ ಮಾತಾಡ್ತಾ ಕೂತಾಗ ಗೊತ್ತಾಯ್ತು, ಮೂರೂ ಮನೆಯಲ್ಲಿ ಬಿಪಿ ಗುಳಿಗೆ ಇದೆ, ಮೂರೂ ಮನೆಯಲ್ಲಿ ಒಂದೇ ಜಗಳ. "ಉಪ್ಪಿನಕಾಯಿ ಬಿಡು ಅಂದ್ರ ಬಿಡಂಗಿಲ್ಲ, ಬಿಪಿ ಏರದೆ ಏನಾಗ್ತದ?" ಅಂತ ಆಯಿ ಬೈತಾಳೆ. ಮುತ್ಯಾ ತಲೆ ತಗ್ಗಿಸಿ ರೊಟ್ಟಿ ಮುರೀತಾನೆ.

ಸುರಪುರದ ಮುತ್ಯಾನ ಕಥೆ ಸ್ವಲ್ಪ ಬೇರೆ. ದಿನಾ ಮೂರು ಥರದ ಗುಳಿಗೆ ನುಂಗಿ, ಸಪ್ಪೆ ಊಟ ಮಾಡಿದ್ರೂ ಬಿಪಿ 170ರಿಂದ ಕೆಳಗೆ ಇಳೀತಿರಲಿಲ್ಲ. ಮನೆಯವರೆಲ್ಲ "ಕದ್ದು ತಿಂತಾನೆ" ಅಂದ್ರು. ನಾವೂ ಅಂದ್ವಿ. ಕೊನೆಗೆ ಒಬ್ಬ ಡಾಕ್ಟರ್ ರಕ್ತದಲ್ಲಿ ಪೊಟ್ಯಾಸಿಯಮ್ ಕಡಿಮೆ ಇರೋದು ನೋಡಿ ಆಲ್ಡೊಸ್ಟಿರಾನ್, ರೆನಿನ್ ಪರೀಕ್ಷೆ ಬರೆದುಕೊಟ್ರು. ತಪ್ಪು ಉಪ್ಪಿನಕಾಯಿಯದಲ್ಲ, ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿಯದು.

ಅವತ್ತಿಂದ ನಾವು ಓದಿದ್ದನ್ನ, ಓದಿ ನಮಗೆ ಅನಿಸಿದ್ದನ್ನ ಇಲ್ಲಿ ಬರೀತಿದ್ದೀವಿ.

ಆಲ್ಡೊಸ್ಟಿರಾನ್ ಕೆಟ್ಟದ್ದಲ್ಲ. ಏಪ್ರಿಲ್ ಬಿಸಿಲಲ್ಲಿ ಹೊಲದಲ್ಲಿ ಬೆವರು ಸುರಿಸೋರ ಮೈಯಲ್ಲಿ ಉಪ್ಪು ಪೂರ್ತಿ ಹರಿದುಹೋಗದ ಹಾಗೆ ಕಿಡ್ನಿಗೆ ಹೇಳೋದು ಇದೇ ಹಾರ್ಮೋನ್. ಆದ್ರೆ ಬೇಕಿಲ್ಲದಾಗಲೂ ಗ್ರಂಥಿ ಇದನ್ನ ಸುರಿಸ್ತಾ ಇದ್ರೆ ಬಿಪಿ ಏರುತ್ತೆ. ಇದನ್ನ 1955ರಲ್ಲಿ ಅಮೆರಿಕದ ಜೆರೋಮ್ ಕಾನ್ ವಿವರಿಸಿದರು. ಬಿಪಿ ಇರೋ ನೂರು ಜನರಲ್ಲಿ ಸುಮಾರು 5ರಿಂದ 10 ಜನರಿಗೆ ಇದೇ ಕಾರಣ ಅಂತ ಈಗಿನ ಅಂದಾಜು.

ನಮ್ಮನ್ನ ನಿಜವಾಗಿ ಹಿಡಿದು ಕೂರಿಸಿದ್ದು ಮುಂದಿನ ವಿಷಯ. 1986ರಲ್ಲಿ ಎಲಿಸ್ ಗೋಮೆಜ್ ಸ್ಯಾಂಚೆಜ್ ಅನ್ನೋ ವಿಜ್ಞಾನಿ ಇಲಿಗಳ ಮೆದುಳಿನ ದ್ರವಕ್ಕೇ ನೇರವಾಗಿ ಚೂರೇ ಚೂರು ಆಲ್ಡೊಸ್ಟಿರಾನ್ ಬಿಟ್ಟರು. ಅಷ್ಟೇ ಪ್ರಮಾಣ ಮೈಗೆ ಕೊಟ್ರೆ ಏನೂ ಆಗಲ್ಲ, ಮೆದುಳಿಗೆ ಕೊಟ್ರೆ ಬಿಪಿ ಏರಿತು. ಅಂದ್ರೆ ಕಿಡ್ನಿ ಒಂದೇ ಅಲ್ಲ, ಮೆದುಳೂ ಈ ಹಾರ್ಮೋನಿನ ಮಾತು ಕೇಳುತ್ತೆ. ಕೇಳಿ ರಕ್ತನಾಳಗಳನ್ನ ಬಿಗಿ ಮಾಡೋ ನರಗಳನ್ನ ಚುರುಕು ಮಾಡುತ್ತೆ. ಉಪ್ಪಿನ ಆಸೆಯನ್ನೂ ಹೆಚ್ಚಿಸಬಲ್ಲದು ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಕಿಡ್ನಿ ಬರೀ ವಾಲ್ವ್. ಇಲ್ಲಿ ಕಂಟ್ರೋಲರ್‌ನ ಸೆಟ್‌ಪಾಯಿಂಟೇ ಮೇಲೆ ಸರಿದಿದೆ. ವಾಲ್ವ್‌ಗೆ ಬೈದು ಏನು ಉಪಯೋಗ?

ಇನ್ನೊಂದು ನಮ್ಮ ಅಡುಗೆಮನೆ ಡಬ್ಬಿಯಲ್ಲೇ ಇದೆ. ಆಲ್ಡೊಸ್ಟಿರಾನ್ ಕೂರೋ ಜಾಗದಲ್ಲೇ ಕಾರ್ಟಿಸಾಲ್ ಕೂಡ ಕೂರಬಲ್ಲದು, ಮತ್ತೆ ಅದು ರಕ್ತದಲ್ಲಿ ಎಷ್ಟೋ ಪಟ್ಟು ಜಾಸ್ತಿ ಇರುತ್ತೆ. ಕಿಡ್ನಿಯಲ್ಲಿ ಒಂದು ಕಿಣ್ವ ಬಾಗಿಲಲ್ಲೇ ನಿಂತು ಕಾರ್ಟಿಸಾಲನ್ನ ನಿಷ್ಕ್ರಿಯ ಮಾಡುತ್ತೆ. ಮೆದುಳಿನಲ್ಲಿ ಆ ಕಾವಲುಗಾರ ಇರೋದು ಕೆಲವೇ ಜಾಗಗಳಲ್ಲಿ. ಕೆಮ್ಮಿಗೆ ಅಂತ ಬಾಯಲ್ಲಿ ಇಟ್ಕೊಳ್ಳೋ ಜ್ಯೇಷ್ಠಮಧು ಈ ಕಾವಲುಗಾರನನ್ನೇ ಮಲಗಿಸುತ್ತೆ. ದಿನಾ ಜಾಸ್ತಿ ತಿಂದ್ರೆ ಬಿಪಿ ಏರೋದು ಅದಕ್ಕೇ. "ಮನೆಮದ್ದು, ಏನೂ ಆಗಂಗಿಲ್ಲ" ಅನ್ನೋ ಮುಂಚೆ ಬಿಪಿ ಇರೋರು ಯೋಚನೆ ಮಾಡಬೇಕು.

ಹಾಗಂತ ಉಪ್ಪು ಎಷ್ಟಾದ್ರೂ ತಿನ್ನಿ ಅಂತ ನಾವು ಹೇಳ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ಆಲ್ಡೊಸ್ಟಿರಾನ್ ಹೆಚ್ಚಿದ್ದವರಿಗೆ ಉಪ್ಪು ಇನ್ನೂ ಅಪಾಯ. ನಮ್ಮ ತಕರಾರು ಉಪ್ಪಿನ ಬಗ್ಗೆ ಅಲ್ಲ, ಬೈಗುಳದ ಬಗ್ಗೆ. ಬೈಸಿಕೊಂಡವರು ಬಿಪಿ ನೋಡಿಸೋಕೇ ಹೋಗಲ್ಲ. ನಮ್ಮ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗೋರಂತೂ ಊರಲ್ಲಿ ಕೊಟ್ಟ ಗುಳಿಗೆ ಮುಗಿದ ದಿನವೇ ನಿಲ್ಲಿಸಿಬಿಡ್ತಾರೆ. ಆಮೇಲೆ ಒಂದು ದಿನ ಫೋನ್ ಬರುತ್ತೆ, "ಲಕ್ವಾ ಹೊಡೀತು" ಅಂತ.

ಮೂರು ಗುಳಿಗೆಗೂ ಬಗ್ಗದ ಬಿಪಿಗೆ ಸ್ಪೈರೊನೊಲ್ಯಾಕ್ಟೋನ್ ಉಳಿದವಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ ಅಂತ 2015ರಲ್ಲಿ ಬ್ರಿಟನ್ನಿನ ಪಾಥ್‌ವೇ-2 ಅಧ್ಯಯನ ತೋರಿಸಿತು. ಇದು ಆಲ್ಡೊಸ್ಟಿರಾನ್ ಕೂರೋ ಜಾಗವನ್ನೇ ಮುಚ್ಚೋ ಹಳೇ ಗುಳಿಗೆ. ಪೊಟ್ಯಾಸಿಯಮ್ ಏರೋ ಅಪಾಯ ಇರೋದರಿಂದ ಡಾಕ್ಟರ್ ಹೇಳದೆ ಯಾರೂ ತಗೋಬಾರದು. ಸುರಪುರದ ಮುತ್ಯಾನಿಗೆ ಬರೆದುಕೊಟ್ಟಿದ್ದು ಇದನ್ನೇ. ಈಗ ಬಿಪಿ 140ರ ಹತ್ತಿರ ಇದೆ.

ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯವರ ಬಿಪಿ ನೋಡಿಸಿ, ಬರೆದಿಡಿ. ಗುಳಿಗೆ ನುಂಗಿದ್ರೂ ಇಳೀತಿಲ್ಲ ಅಂದ್ರೆ, ಇಲ್ಲಾ ಚಿಕ್ಕ ವಯಸ್ಸಲ್ಲೇ ಬಂದಿದ್ರೆ, "ಡಾಕ್ಟ್ರೇ, ಆಲ್ಡೊಸ್ಟಿರಾನ್ ನೋಡಬಹುದಾ?" ಅಂತ ಕೇಳಿ. ನಾವು ಇಂಗ್ಲಿಷ್ ಮೀಡಿಯಮ್‌ನಲ್ಲಿ ಕಲಿತಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗಲಿ. ನಾವಂತೂ ಮೊದಲು ಹೋಗಿ ಮುತ್ಯಾನ ಹತ್ತಿರ "ತಪ್ಪಾಯ್ತು" ಅನ್ನಬೇಕು.